ತೂಬಿನ ಕೆಳಗಿನ ಎಲ್ಲಾ ಗದ್ದೆಗಳು

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರನನ್ನು ಹೊಡೆಯುತ್ತಿದ್ದರು. ಎಡಗೈಯಲ್ಲಿ ಅವನ ಕೊರಳಪಟ್ಟಿ. ಬಲಗೈ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಕಂಡಕ್ಟರನ ಚರ್ಮದ ಚೀಲ ಹರಿದು ಚಿಲ್ಲರೆಯೆಲ್ಲ ನೆಲದ ಪಾಲಾಗಿತ್ತು. ಸೌತೆಕಾಯಿ ಬುಟ್ಟಿಯ ಮುದುಕಿಯೊಬ್ಬಳು ಇಬ್ಬರ ಸುತ್ತ ಸುತ್ತುತ್ತಾ, "ಬುಡಪ್ಪೋ, ನಂಗೇನೂ ಆಗಿಲ್ಲ, ಬುಡೋ" ಎಂದು ಬೇಡುತ್ತಿದ್ದಳು. ಅವಳನ್ನು ಕಂಡಕ್ಟರ ಫುಟ್‌ಬೋರ್ಡಿನಿಂದ ಕೆಳಕ್ಕೆ ತಳ್ಳಿದ್ದನಂತೆ. ಬಿಡಿಸಲು ಯಾರೂ ಹೋಗಲಿಲ್ಲ. ಹೊಡೆಯುತ್ತಿದ್ದವರ ತೋಳು ನೋಡಿದರೆ ಯಾರೂ ಹೋಗುವ ಹಾಗಿರಲಿಲ್ಲ.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅರ್ಥಶಾಸ್ತ್ರದ ಲೆಕ್ಚರರ್ ಆಗಿ ಅಂದು ನನ್ನ ಮೊದಲ ದಿನ. ಮಂಡ್ಯದಿಂದ ಬಂದು ಮಳವಳ್ಳಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಕಾಲೇಜು ತಲುಪಿ ಸ್ಟಾಫ್ ರೂಮಿಗೆ ಕಾಲಿಟ್ಟರೆ ಅದೇ ಮನುಷ್ಯ ಕಿಟಕಿಯ ಪಕ್ಕ ಕೂತು ಗೆಣ್ಣಿನ ಗಾಯಕ್ಕೆ ಒತ್ತುಕಾಗದ ಒತ್ತಿಕೊಳ್ಳುತ್ತಿದ್ದರು. ಪ್ರಿನ್ಸಿಪಾಲರು, "ಇವರು ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು" ಎಂದು ಪರಿಚಯ ಮಾಡಿಕೊಟ್ಟರು. ಅವರು ಎದ್ದು ಕೈಮುಗಿದರು. ಬಿಳಿ ಶರ್ಟಿನ ತೋಳಿನ ಮೇಲೆ ಕಂಡಕ್ಟರನ ಮೂಗಿನ ರಕ್ತ ಇನ್ನೂ ಒಣಗಿರಲಿಲ್ಲ.

"ಬಸ್ ಸ್ಟ್ಯಾಂಡ್‌ನಾಗೆ ನಿಮ್ಮನ್ನ ನೋಡ್ದೆ" ಎಂದರು. "ಎದುರ್ಕೊಂಡ್ರಾ?"

"ಹೌದು" ಎಂದೆ.

"ಅವನೂ ಎದುರ್ಕೊಂಡ" ಎಂದು ಕೂತರು.

ಮಳವಳ್ಳಿ ಕಡೆಯ ಒಂದು ಹಳ್ಳಿಯ ಗದ್ದೆ ತೋಟದ ಮನೆತನ ಅವರದು. ಅಪ್ಪ ಗರಡಿಯ ಆಳು. ತಪ್ಪು ಮಾಡಿದ ಮಗನನ್ನು ಎತ್ತಿನ ಹಗ್ಗದಿಂದ ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದವನು. "ನಮ್ಮನೇಲಿ ಬಾಯಲ್ಲಿ ಏಳೋ ಅಭ್ಯಾಸ ಇರ್ನಿಲ್ಲ" ಎಂದು ಒಮ್ಮೆ ಹೇಳಿದ್ದರು, ನಗುತ್ತಾ. ಅಪ್ಪ ಬೇಗ ಸತ್ತ. ದೊಡ್ಡ ಮಗ ಶಾಲೆ ಬಿಟ್ಟು ನೇಗಿಲು ಹಿಡಿದ. ಅವನು ನೇಗಿಲು ಹಿಡಿದದ್ದರಿಂದಲೇ ತಮ್ಮ ಮೈಸೂರಿಗೆ ಹೋಗಿ ಎಂ.ಎಸ್ಸಿ. ಮಾಡಿದ್ದು. ಅಣ್ಣ ಎಂದರೆ ಅವರಿಗೆ ಅಪ್ಪನಿಗಿಂತ ಹೆಚ್ಚು. ಸಂಬಳ ಬಂದ ಭಾನುವಾರ ಅಣ್ಣನಿಗೆ ಹೊಗೆಸೊಪ್ಪು, ಅತ್ತಿಗೆಗೆ ಹೂವು ಕಟ್ಟಿಸಿಕೊಂಡು ಸೈಕಲ್ಲಿನಲ್ಲಿ ಊರಿಗೆ ಹೋಗುತ್ತಿದ್ದರು. ಅಣ್ಣನ ಎದುರು ಈ ದೊಡ್ಡ ಆಳು ಕೂರುತ್ತಿರಲಿಲ್ಲವಂತೆ.

ಅವರ ಪಾಠ ಕೇಳಿಸಿಕೊಳ್ಳದೆ ಇರುವುದು ಸಾಧ್ಯವಿರಲಿಲ್ಲ. ನನ್ನ ತರಗತಿಯ ಪಕ್ಕದ್ದೇ ಅವರ ತರಗತಿ, ನಡುವೆ ಅರ್ಧ ಗೋಡೆ. ಡಸ್ಟರಿನಿಂದ ಮೇಜು ಕುಟ್ಟುವುದು, ಸೀಮೆಸುಣ್ಣ ಮುರಿದು ಎಸೆಯುವುದು, ಹುಡುಗರಿಗೆ ಬೀಳುವ ಬೈಗುಳ, ಎಲ್ಲವೂ ಈಚೆಗೆ ಬರುತ್ತಿದ್ದವು. ಒಂದು ದಿನ ಬೆತ್ತದ ಸದ್ದು ಬಂತು. ಒಂದರ ಹಿಂದೆ ಒಂದು. ನಾನು ಪಾಠ ನಿಲ್ಲಿಸಿ ಆಚೆ ಹೋಗಿ ಬಾಗಿಲಲ್ಲಿ ನಿಂತೆ.

ಐದು ಹುಡುಗರನ್ನು ಮುಂದೆ ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯವನ ಅಂಗೈ ಕೆಂಪಾಗಿ ಊದಿಕೊಳ್ಳುತ್ತಿತ್ತು. ಉಳಿದ ನಾಲ್ವರು ತಮ್ಮ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದರು.

"ಐದು ಜನ, ಐದು ಏಟು. ಸರಾಸರಿ ಎಷ್ಟ್ಲಾ?" ಎಂದು ಬೆಂಚಿನ ಕಡೆ ತಿರುಗಿ ಕೇಳಿದರು.

"ಒಂದು ಸಾ."

"ಎಲ್ಲಾರ್ಗೂ ಒಂದೊಂದ್ ಬಿತ್ತು ಅಂತ ಬರ್ಕೊಳವಾ?" ಎನ್ನುತ್ತಾ ಅಳುತ್ತಿದ್ದ ಹುಡುಗನ ಕೈಯನ್ನು ಮೇಲೆತ್ತಿ ಹಿಡಿದರು. "ಇವನ್ನ ಕೇಳ್ರಿ, ಒಂದಾ ಅಂತ!"

ಆಮೇಲೆ ಬೋರ್ಡಿನ ಮೇಲೆ ಬರೆದರು. ಇವನಿಗೆ ಸರಾಸರಿಗಿಂತ ನಾಲ್ಕು ಹೆಚ್ಚು. ಉಳಿದ ನಾಲ್ವರಿಗೆ ಒಂದೊಂದು ಕಡಿಮೆ. ಹೆಚ್ಚು ಕಡಿಮೆ ಸುಮ್ಮನೆ ಕೂಡಿದರೆ ಸೊನ್ನೆ, ಏನೂ ಆಗೇ ಇಲ್ಲ ಎನ್ನುವ ಹಾಗೆ. ಅದಕ್ಕೇ ಪ್ರತಿಯೊಂದು ವ್ಯತ್ಯಾಸದ ವರ್ಗ ಮಾಡಬೇಕು: ಹದಿನಾರು, ಒಂದು, ಒಂದು, ಒಂದು, ಒಂದು. ಒಟ್ಟು ಇಪ್ಪತ್ತು. ಐದರಿಂದ ಭಾಗಿಸಿದರೆ ನಾಲ್ಕು. ಅದರ ವರ್ಗಮೂಲ ಎರಡು. "ಇದು ಮಾನಕ ವಿಚಲನೆ. ಸರಾಸರಿ ಒಂದು, ಅದರಿಂದಾಚೆಗೆ ಚೆದುರಿರೋದು ಎರಡು. ಇಲ್ಲೇನೋ ಅನ್ಯಾಯ ಆಗದೆ ಅಂತ ಈ ಎರಡು ಬಾಯಿ ಬುಡ್ತದೆ." ಒಬ್ಬ ಹುಡುಗ ಪುಸ್ತಕದಲ್ಲಿ ನಾಲ್ಕರಿಂದ ಭಾಗಿಸಬೇಕು ಅಂತಿದೆಯಲ್ಲ ಸಾ ಎಂದ. "ಅದು ಕೆಲವರನ್ನ ಮಾತ್ರ ನೋಡಿ ಎಲ್ಲಾರ್ ಬಗ್ಗೆ ಮಾತಾಡುವಾಗ. ಕಾಣದೆ ಇರೋರಿಗೆ ಅಂತ ಒಂದು ಕಳೀಬೇಕು. ಇಲ್ಲಿ ಐದ್ ಜನಾನೂ ಕಣ್ಮುಂದೆ ಅವ್ರೆ. ಎಲ್ಲಾರ್ನೂ ನೋಡಿದ್ಮ್ಯಾಲೆ ಎಲ್ಲಾರಿಂದ್ಲೂ ಭಾಗಿಸು."

ಇದಕ್ಕಿಂತ ಸ್ಪಷ್ಟವಾಗಿ ಆ ಲೆಕ್ಕವನ್ನು ಹೇಳಿಕೊಟ್ಟವರನ್ನು ನಾನು ಮತ್ತೆ ಕಂಡಿಲ್ಲ. ಆದರೂ ಅಂದು ನನ್ನ ಮೈ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ, "ಕಡ್ಡಿ ಇಟ್ಟುಕೊಂಡು ಹೇಳಬಹುದಿತ್ತು. ಆ ಹುಡುಗ ಏನು ಮಾಡಿದ್ದ?" ಎಂದೆ.

"ಏನೂ ಮಾಡಿರ್ನಿಲ್ಲ. ಅದೇ ಪಾಠ ಕಣಮ್ಮ."

"ಇದು ಪಾಠ ಅಲ್ಲ, ಕ್ರೌರ್ಯ."

ಅವರು ಡಸ್ಟರ್ ಎತ್ತಿಕೊಂಡು ಮುಂದಿನ ಪಾಠಕ್ಕೆ ಹೋದರು. ಸಂಜೆ ಆ ಹುಡುಗನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರೆಂದು ತಿಳಿಯಿತು. ಹುಡುಗ ಎಡಗೈಯಲ್ಲಿ ತಿಂದನಂತೆ. ನಾನು ಪ್ರಿನ್ಸಿಪಾಲರಿಗೆ ದೂರು ಕೊಟ್ಟೆ. ಅವರು, "ಅವರಿಗೆ ಹೇಳೋದು ಯಾರಮ್ಮ?" ಎಂದರು. ನಾವಿಬ್ಬರೂ ಬಹಳ ದಿನ ಮಾತಾಡಲಿಲ್ಲ.

ನಮ್ಮನ್ನು ಮತ್ತೆ ಮಾತಾಡಿಸಿದ್ದು ಒಂದು ಕೊಲೆ.

ಅವರ ಊರಿನ ಹೊರಗೆ ನಾಲೆಗೆ ಒಂದು ತೂಬು, ಎಂದರೆ ಗದ್ದೆಗಳಿಗೆ ನೀರು ಬಿಡುವ ಕಲ್ಲಿನ ಬಾಯಿ. ತೂಬಿನ ಪಕ್ಕದ ಮೊದಲ ಗದ್ದೆಗಳು ಅವರ ಅಣ್ಣನವು ಮತ್ತು ಅಣ್ಣನ ಜೊತೆಯವರವು. ನೀರು ಅಲ್ಲಿ ನಿಂತು, ತುಂಬಿ, ಉಳಿದರೆ ಕೆಳಕ್ಕೆ ಹೋಗಬೇಕು. ಕೆಳಗಿನ ಗದ್ದೆಯವರಿಗೆ ಒಂದು ವರ್ಷ ಸಿಕ್ಕರೆ ಮೂರು ವರ್ಷ ಇಲ್ಲ. ಆ ವರ್ಷ ಭತ್ತ ತೆನೆ ಕಟ್ಟುವ ಹೊತ್ತಿಗೆ ಮೇಲಿನ ಗದ್ದೆಗಳಲ್ಲಿ ಕಪ್ಪೆ ಕೂಗುತ್ತಿದ್ದವು, ಕೆಳಗಿನ ಗದ್ದೆಗಳಲ್ಲಿ ಕಾಲು ಹೂತುಹೋಗುವಷ್ಟು ಬಿರುಕು. ಕೊನೆಯ ಗದ್ದೆಯವನೊಬ್ಬ ಮಟಮಟ ಮಧ್ಯಾಹ್ನ ಗುದ್ದಲಿ ಹಿಡಿದುಕೊಂಡು ಹೋಗಿ ಮೇಲಿನವರು ಹಾಕಿದ್ದ ಮಣ್ಣಿನ ಅಡ್ಡಗಟ್ಟೆ ಒಡೆದ. ನೀರು ಕೆಳಕ್ಕೆ ನುಗ್ಗಿತು. ಮೇಲಿನ ಗದ್ದೆಯವರು ಓಡಿಬಂದು ಅವನ ಗುದ್ದಲಿಯನ್ನೇ ಕಿತ್ತುಕೊಂಡು ಅವನನ್ನು ಬಡಿದರು. ತಲೆ ಒಡೆದು ಕಾಲುವೆಯೊಳಗೆ ಬಿದ್ದ. ಒಡೆದ ಗಟ್ಟೆಗೆ ಅವನ ಮೈಯೇ ಅಡ್ಡವಾಗಿ ನೀರು ಮತ್ತೆ ನಿಂತಿತೆಂದು ಜನ ಹೇಳುತ್ತಿದ್ದರು. ಅವನ ಹೆಂಡತಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ಬಂದರು. ನಾಲ್ಕಾರು ಜನರನ್ನು ಎಳೆದುಕೊಂಡು ಹೋದರು, ಬಿಟ್ಟರು. ಯಾರು ಹೊಡೆದದ್ದೆಂದು ಒಬ್ಬನೂ ಬಾಯಿ ಬಿಡಲಿಲ್ಲ. ಗುಂಪಿನಲ್ಲಿ ಮೇಷ್ಟರ ಅಣ್ಣ ಇದ್ದನೆಂಬುದು ಊರಿಗೆಲ್ಲ ಗೊತ್ತಿತ್ತು.

ಮರುದಿನ ಮೇಷ್ಟ್ರು ಕಾಲೇಜಿಗೆ ಬಂದವರೇ ಸ್ಟಾಫ್ ರೂಮಿನ ಒಂದು ಕುರ್ಚಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದರು. ಕಾಲು ಮುರಿಯುವ ತನಕ ಅಪ್ಪಳಿಸಿದರು. ಆಮೇಲೆ ನೆಲದ ಮೇಲೆ ಕೂತು, ನನ್ನ ಕಡೆ ನೋಡದೆ, "ನಮ್ಮಣ್ಣ ಅಲ್ಲಿದ್ದ ಮೇಡಂ" ಎಂದರು.

ನೀರಾವರಿ ಕಡೆಯ ಅಧಿಕಾರಿಯೊಬ್ಬರು ಊರಿಗೆ ಬಂದು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿದರು. ಕೆಳಗಿನವರು ಸರದಿ ಬೇಕೆಂದರು. ಮೊದಲು ಕೊನೆಯ ಗದ್ದೆಗೆ ನೀರು, ಆಮೇಲೆ ಒಂದೊಂದಾಗಿ ಮೇಲಕ್ಕೆ. ಮೇಲಿನವರು, ನೀರು ಎಲ್ಲರಿಗೂ ಹೋಗುತ್ತಿದೆ, ಇವರು ಸೋಮಾರಿಗಳು ಎಂದರು. ಅಧಿಕಾರಿ, "ಕೊಯ್ಲಾಗಲಿ. ಬೆಳೆ ಕಟಾವು ಮಾಡಿ ಇಳುವರಿ ನೋಡ್ತೀವಿ. ಸರಾಸರಿ ಚೆನ್ನಾಗಿದ್ದರೆ ನೀರು ಸರಿಯಾಗಿದೆ ಅಂತ ಅರ್ಥ" ಎಂದು ಹೇಳಿ ಹೋದರು. ಬೆಳೆ ಕಟಾವು ಎಂದರೆ ಕೆಲವು ಗದ್ದೆಗಳನ್ನು ಚೀಟಿ ಎತ್ತಿ ಆರಿಸಿ, ಅವುಗಳ ಒಂದೊಂದು ಚೌಕದ ತೆನೆ ಕೊಯ್ದು ತೂಗಿ, ಇಡೀ ಊರಿನ ಇಳುವರಿಯನ್ನು ಅಂದಾಜು ಮಾಡುವುದು.

"ಕೆಲವು ಗದ್ದೆ ನೋಡಿ ಏಳ್ತಾರಂತೆ" ಎಂದರು ಮೇಷ್ಟ್ರು. "ನಾನು ಎಲ್ಲಾ ಗದ್ದೇನೂ ನೋಡ್ತೀನಿ. ತೂಬಿನ ಕೆಳಗಿರೋ ಒಂದನ್ನೂ ಬುಡಕಿಲ್ಲ."

ಕೊಯ್ಲು ಶುರುವಾದ ಮೇಲೆ ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಊರಿಗೆ ಹೋಗಿ, ಕಣದಿಂದ ಕಣಕ್ಕೆ ತಿರುಗಿ, ಯಾರ ಗದ್ದೆಯಲ್ಲಿ ಎಷ್ಟು ಮೂಟೆ ಆಯಿತೆಂದು ಎದುರಿಗೆ ನಿಂತು ಅಳೆಸಿಕೊಂಡು ಬರುತ್ತಿದ್ದರು. ಮೇಲಿನವರು ನಮ್ಮ ಗೌಡರ ತಮ್ಮ ಎಂದು ಅಳೆಯಲು ಬಿಟ್ಟರು. ಕೆಳಗಿನವರು ಅದೇ ಕಾರಣಕ್ಕೆ ಬಿಡಲಿಲ್ಲ. ಸತ್ತವನ ಹೆಂಡತಿ ದೂರದಿಂದಲೇ ಇವರನ್ನು ಕಂಡು ಕಲ್ಲು ತೂರಿದಳು. ಅಂದು ಹಣೆಗೆ ಬಟ್ಟೆ ಕಟ್ಟಿಕೊಂಡೇ ತರಗತಿಗೆ ಬಂದರು. ಬಟ್ಟೆ ನೆನೆದು ಹುಬ್ಬಿನ ಮೇಲೆ ರಕ್ತ ಇಳಿಯುತ್ತಿತ್ತು.

"ಯಾರು ಹೊಡೆದದ್ದು?" ಎಂದೆ.

"ಆಯಮ್ಮ. ಸರ್ಯಾಗೇ ಒಡ್ದವ್ಳೆ."

ಮರುದಿನ ಮತ್ತೆ ಹೋದರು. ಅವಳು ಮತ್ತೆ ಕಲ್ಲೆತ್ತಿದಳು. ಇವರು ಸೈಕಲ್ ಮಲಗಿಸಿ ಗದ್ದೆಯ ಬದುವಿನ ಮೇಲೆ ಕೂತರು. ಅವಳು ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು, "ಅಳ್ಕೋ. ನನ್ ಗಂಡನ್ ಗದ್ದೇಲಿ ಏನ್ ಬೆಳ್ದದೆ ಅಳ್ಕೊಂಡೋಗು" ಎಂದಳಂತೆ. ಬೆಳೆದದ್ದು ಏನೂ ಇರಲಿಲ್ಲ. ನಿಂತಲ್ಲೇ ಒಣಗಿದ ಪೈರನ್ನು ದನಕ್ಕೆ ಬಿಟ್ಟಿದ್ದಳು. ಅದಾದ ಮೇಲೆ ಕೆಳಗಿನ ಕಣಗಳವರೂ ಇವರನ್ನು ಬರಗೊಟ್ಟರು.

ಲೆಕ್ಕ ಹಾಕಲು ನಾನೇ ಜೊತೆಗೆ ಕೂತೆ. ಅವರು ಕೇಳಲಿಲ್ಲ. ಮಧ್ಯಾಹ್ನ ಪಾಠಗಳು ಮುಗಿದ ಮೇಲೆ ನನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವರ ಎದುರು ಕೂತೆ, ಅಷ್ಟೆ. ಈಗಿನವರು ಕಂಪ್ಯೂಟರಿನ ಚೌಕಗಳಲ್ಲಿ ಅಂಕಿ ತುಂಬಿ, ಒಂದು ಸೂತ್ರ ಬರೆದು ಗುಂಡಿ ಒತ್ತುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಆಗ ನಾವು ದೊಡ್ಡ ಹಾಳೆಗಳನ್ನು ಗೋಂದಿನಿಂದ ಅಂಟಿಸಿ, ಮೇಜಿನಗಲ ಮಾಡಿಕೊಂಡು, ಅಡ್ಡ ಉದ್ದ ಗೆರೆ ಎಳೆದೆವು. ಒಂದು ಸಾಲಿನಲ್ಲಿ ಗದ್ದೆ, ಅದರ ಪಕ್ಕ ಎಕರೆಗೆ ಎಷ್ಟು ಮೂಟೆ, ಅದರ ಪಕ್ಕ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ, ಕೊನೆಗೆ ಅದರ ವರ್ಗ. ಕಾಲೇಜಿನಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಅವರು ಹಿಡಿಕೆಯನ್ನು ಯಾರದೋ ಕೈ ತಿರುಚುವ ಹಾಗೆ ತಿರುಗಿಸುತ್ತಿದ್ದರು. ಅದು ಕರಕರ ಎನ್ನುತ್ತಿತ್ತು. ನಾನು ಬರೆಯುತ್ತಿದ್ದೆ.

ಹೆಚ್ಚು ಎಂಬ ಗುರುತು ಹಾಳೆಯ ಮೇಲ್ಭಾಗದಲ್ಲೇ ತುಂಬಿಕೊಂಡಿತು, ಕಡಿಮೆ ಎಂಬ ಗುರುತು ಕೆಳಭಾಗದಲ್ಲಿ. ಎಲ್ಲಕ್ಕಿಂತ ಹೆಚ್ಚು ಬೆಳೆದದ್ದು ಅವರ ಅಣ್ಣನ ಗದ್ದೆ. ಆ ಸಾಲು ಬಂದಾಗ ಹಿಡಿಕೆ ನಿಂತಿತು. ನಾನು ತಲೆ ಎತ್ತಲಿಲ್ಲ. ಆಮೇಲೆ ಅವರೇ ಅಂಕಿ ಹೇಳಿದರು, ನಾನು ಬರೆದೆ.

ಸತ್ತವನ ಗದ್ದೆಯ ಸಾಲಿನಲ್ಲಿ ನಮಗೆ ಜಗಳವಾಯಿತು. ಕೊಯ್ಲೇ ಆಗದ ಗದ್ದೆಯನ್ನು ಬಿಟ್ಟುಬಿಡುವುದು ವಾಡಿಕೆ ಎಂದು ನಾನು ಹೇಳಿದೆ. ಅವರು ಮೇಜಿನ ಮೇಲೆ ಮುಷ್ಟಿಯಿಂದ ಗುದ್ದಿದ ರಭಸಕ್ಕೆ ಮಸಿ ಬಾಟಲು ಉರುಳಿತು.

"ಬುಡೋದಾ? ಅವನೊಬ್ಬನ್ನ ಬುಡಾಕೇ ಅಲ್ವೇನಮ್ಮ ಅವ್ರು ಕೊಂದಿದ್ದು? ಸೊನ್ನೆ ಬರೀರಿ. ಎಲ್ಲಾರೂ ಅಂದ್ರೆ ಅವನೂ ಸೇರ್ದ."

ಸೊನ್ನೆ ಬರೆದೆ. ವರ್ಗಗಳನ್ನೆಲ್ಲ ಕೂಡಿ, ತೂಬಿನ ಕೆಳಗಿನ ಅಷ್ಟೂ ಗದ್ದೆಗಳಿಂದ ಭಾಗಿಸಿ, ವರ್ಗಮೂಲ ತೆಗೆದೆವು. ಎಕರೆಗೆ ಸರಾಸರಿ ಹದಿನೈದು ಮೂಟೆ. ಮಾನಕ ವಿಚಲನೆ ಒಂಬತ್ತು. ಒಂಬತ್ತನ್ನು ಅವರು ಬಹಳ ಹೊತ್ತು ನೋಡಿದರು. "ನಾಳಿದ್ದು ಆಫೀಸರ್ ಕರ್ದಿರೋ ಸಭೆ. ನೀವೂ ಬನ್ನಿ" ಎಂದರು. "ನಾನೊಬ್ನೇ ಏಳಿದ್ರೆ ಅಣ್ತಮ್ಮಂದಿರ ಜಗಳ ಅಂತಾರೆ."

ಸಭೆ ಅವರ ಊರಿನ ಶಾಲೆಯ ಜಗುಲಿಯ ಮೇಲೆ. ಬೆಳಗಿನ ಬಿಸಿಲು. ಅಧಿಕಾರಿ, ಒಬ್ಬ ಸಬ್ ಇನ್ಸ್‌ಪೆಕ್ಟರ್, ಒಂದು ಪಕ್ಕ ಮೇಲಿನವರು, ಇನ್ನೊಂದು ಪಕ್ಕ ಕೆಳಗಿನವರು. ಶಾಲೆಯ ಮುಂದೆ ಕಬ್ಬಿನ ಗಾಡಿಯೊಂದು ನಿಂತಿತ್ತು, ಎತ್ತು ಬಿಚ್ಚಿದ್ದರು. ಮೇಷ್ಟರ ಅಣ್ಣನನ್ನು ನಾನು ನೋಡಿದ್ದು ಅಂದೇ. ತಮ್ಮನಷ್ಟೇ ಎತ್ತರ, ತಮ್ಮನದೇ ದವಡೆ, ಕಿವಿಯಲ್ಲಿ ಚಿನ್ನದ ಒಂಟಿ. ನನಗೆ ಕೂರಲು ಬೆಂಚು ತರಿಸಿದವನೂ ಅವನೇ. "ಕೂತ್ಕೊಳವ್ವ, ನಮ್ಮುಡುಗನ್ ಜೊತೇಲಿ ಕೆಲ್ಸ ಮಾಡೋರಂತೆ" ಎಂದ, ಮರ್ಯಾದೆಯಿಂದ.

ಅಧಿಕಾರಿ ಎದ್ದು, ಕಟಾವಿನ ಪ್ರಕಾರ ಎಕರೆಗೆ ಸರಾಸರಿ ಇಪ್ಪತ್ತು ಮೂಟೆ, ಸರದಿಯ ಅಗತ್ಯ ಕಾಣುವುದಿಲ್ಲ ಎಂದು ಓದಿದರು. ಮೇಲಿನವರ ಕಡೆ ಶಿಳ್ಳೆ ಬಿತ್ತು.

ಮೇಷ್ಟ್ರು ಎದ್ದರು. ನಾವಿಬ್ಬರೂ ಹಾಳೆಯನ್ನು ಬಿಚ್ಚಿ ಗೋಡೆಗೆ ಹಿಡಿದೆವು.

"ಎಷ್ಟು ಗದ್ದೆ ಕೊಯ್ದ್ರಿ ಸಾರ್?"

"ನಿಯಮದ ಪ್ರಕಾರ ಚೀಟಿ ಎತ್ತಿ ನಾಲ್ಕು."

"ಯಾವ್ಯಾವ್ದು?"

ಅಧಿಕಾರಿ ಹೇಳಿದರು. ಕೆಳಗಿನವರ ಕಡೆ ಗಲಾಟೆ ಎದ್ದಿತು. ನಾಲ್ಕರಲ್ಲಿ ಮೂರು ತೂಬಿನ ಪಕ್ಕದವು. ಅಧಿಕಾರಿ ಸುಳ್ಳು ಹೇಳಿರಲಿಲ್ಲ. ಚೀಟಿಯಲ್ಲಿ ಹಾಗೇ ಬಂದಿತ್ತು. ಮೇಷ್ಟ್ರು ಕೂಗಾಡುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಮೆತ್ತಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ನೀವು ನೋಡಿದ್ದು ನಾಲ್ಕು, ನಾನು ನೋಡಿದ್ದು ಎಲ್ಲಾ. ಸರಾಸರಿ ಹದಿನೈದು. ಆದರೆ ಹದಿನೈದು ಮೂಟೆ ಬೆಳೆದವನು ಈ ಊರಿನಲ್ಲಿ ಒಬ್ಬನೂ ಇಲ್ಲ. ಮೇಲೆ ಇಪ್ಪತ್ನಾಲ್ಕು ಇಪ್ಪತ್ತೈದು, ಕೆಳಗೆ ಐದು, ಆರು. ಒಂಬತ್ತು ಎನ್ನುವುದು ಆ ದೂರ. ಒಂದೊಂದೇ ಗದ್ದೆಯ ಮೇಲೆ ಬೆರಳಿಟ್ಟು ಓದಿದರು. ಅಣ್ಣನ ಗದ್ದೆಯನ್ನು ಎಲ್ಲದರ ಹಾಗೆಯೇ ಓದಿದರು. ಕೊನೆಗೆ ಸತ್ತವನದು ಬಂತು. "ಸೊನ್ನೆ" ಎಂದರು.

ಅಣ್ಣ ಎದ್ದು ನಿಂತ. "ಲೇ, ಸತ್ತೋದವನ್ ಗದ್ದೇನೂ ಸೇರುಸ್ಕೊಂಡು ಲೆಕ್ಕ ಏಳ್ತಾ ಇದ್ದೀಯೇನ್ಲಾ?"

"ಅವ್ನು ಸತ್ತೋಗ್ಲಿಲ್ಲ ಅಣ್ಣ. ನೀವು ಸಾಯ್ಸುದ್ರಿ."

ಅಣ್ಣ ನಾಲ್ಕು ಹೆಜ್ಜೆಯಲ್ಲಿ ಬಂದು ತಮ್ಮನ ಕೆನ್ನೆಗೆ ಬಾರಿಸಿದ. "ಯಾರ್ ಅನ್ನ ತಿಂದು ಓದ್ದೆ ನೀನು? ಯಾರ್ ಅನ್ನಲಾ?" ಮತ್ತೊಂದು ಬಾರಿಸಿದ. ಮೇಷ್ಟ್ರು ಎರಡು ಏಟು ತಿಂದರು. ಮೂರನೆಯದಕ್ಕೆ ಅಣ್ಣನ ಕೈ ಹಿಡಿದು ತಿರುಚಿ, ಸೊಂಟಕ್ಕೆ ಕೈ ಹಾಕಿ ನೆಲಕ್ಕೆ ಕೆಡವಿದರು. ಎದೆಯ ಮೇಲೆ ಕೂತು ಎರಡು ಕೈಯಿಂದ ಕತ್ತು ಹಿಡಿದರು. ಸಬ್ ಇನ್ಸ್‌ಪೆಕ್ಟರ್ ಲಾಠಿಯಿಂದ ಬೆನ್ನಿಗೆ ಹೊಡೆದ, ಇಬ್ಬರು ಮೂವರು ತೋಳು ಹಿಡಿದೆಳೆದರು, ಅವರು ಕದಲಲಿಲ್ಲ. ಅಣ್ಣನ ಕಾಲು ಮಣ್ಣು ಕೆರೆಯುತ್ತಿತ್ತು. ಮುಖ ಕಪ್ಪಿಟ್ಟಿತು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಅಳುತ್ತಿದ್ದರು. ಅಳುತ್ತಲೇ ಹಿಸುಕುತ್ತಿದ್ದರು.

ಸತ್ತವನ ಹೆಂಡತಿ ಜನರನ್ನು ನೂಕಿಕೊಂಡು ಬಂದಳು. ಮೇಷ್ಟರ ಕೂದಲಿಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದಳು. "ಬುಡೋ! ನೋಡಕ್ಕಾಗಕಿಲ್ಲ ನಂಗೆ. ಒಂದ್ ಎಣ ನೋಡಿದ್ ಸಾಕು. ಬುಡು ಅಂದೆ!"

ಬಿಟ್ಟರು.

ಎದ್ದು, ಒಂದು ಪಕ್ಕಕ್ಕೆ ಹೋಗಿ, ಗೋಡೆಗೆ ಹಣೆ ಒತ್ತಿ ನಿಂತರು. ಎಲ್ಲರ ಕಣ್ಣೂ ಅವರ ಮೇಲೆಯೇ ಇತ್ತು. ಕೆಳಗೆ ಬಿದ್ದವನು ಕೆಮ್ಮುತ್ತಾ ಎದ್ದು ಗಾಡಿಯ ಕಡೆ ಹೋದದ್ದನ್ನು ನೀರು ಕುಡಿಯಲು ಹೋದನೆಂದುಕೊಂಡೆವು. ಅವನು ಕಬ್ಬು ಕಡಿಯುವ ಮಚ್ಚು ಹಿಡಿದು ಬಂದ. ನಾನು ಕೂಗಿದೆ. ಮೇಷ್ಟ್ರು ತಿರುಗಿದರು. ತಲೆಗೆ ಅಡ್ಡ ಹಿಡಿದ ಬಲಗೈಗೆ ಏಟು ಬಿತ್ತು. ಮೂರು ಬೆರಳು ಹೋದವು.

ರಕ್ತ ಹಾಳೆಯ ಮೇಲೆ, ಗೋಡೆಯ ಮೇಲೆ, ನನ್ನ ಮುಖದ ಮೇಲೆ ಹಾರಿತು. ನನ್ನ ಸೆರಗನ್ನೇ ಹರಿದು ಕೈಗೆ ಸುತ್ತಿದೆ; ಸುತ್ತಿದಷ್ಟೂ ನೆನೆಯುತ್ತಿತ್ತು. ಅಧಿಕಾರಿಯ ಜೀಪಿನಲ್ಲೇ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಮೇಷ್ಟ್ರು ನೋವೆಂದು ಒಂದು ಸಲವೂ ಹೇಳಲಿಲ್ಲ. "ಬುಡಬಾರದಾಗಿತ್ತು. ಕತ್ತು ಬುಡಬಾರದಾಗಿತ್ತು" ಎಂದು ಹಲುಬುತ್ತಿದ್ದರು. ಮಂಡ್ಯ ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಅಣ್ಣ ಉಸ್ರಾಡ್ತಾ ಇದ್ನಲ್ಲ ಮೇಡಂ?" ಎಂದು ಕೇಳಿದರು.

"ಆಡ್ತಾ ಇದ್ದರು" ಎಂದೆ. ಕಣ್ಣು ಮುಚ್ಚಿದರು.

ಸರದಿಯ ಆದೇಶ ಮುಂದಿನ ಬೆಳೆಗೆ ಮುಂಚೆಯೇ ಬಂತು. ಕೊನೆಯ ಗದ್ದೆಯಿಂದ ಶುರು, ತೂಬಿನ ಪಕ್ಕದ ಗದ್ದೆ ಕಟ್ಟಕಡೆಗೆ. ನಮ್ಮ ಲೆಕ್ಕ ನೋಡಿ ಬಂತೋ, ರಕ್ತ ನೋಡಿ ಬಂತೋ ಎಂದು ಕೇಳಿದರೆ, ರಕ್ತ ನೋಡಿಯೇ ಇರಬೇಕು. ಆ ಅಧಿಕಾರಿಯ ಪ್ಯಾಂಟಿನ ಮೇಲೂ ಅದು ಹಾರಿತ್ತು.

ಕೊಲೆಯ ಕೇಸು ನಿಲ್ಲಲಿಲ್ಲ. ಸಾಕ್ಷಿಗಳೆಲ್ಲ ತಿರುಗಿಬಿದ್ದರು. ಉಳಿದದ್ದು ಬೆರಳಿನ ಕೇಸು. ಊರಿನ ಹಿರಿಯರು ಮದ್ದೂರಿನಲ್ಲಿದ್ದ ಮೇಷ್ಟರ ಬಾಡಿಗೆ ಮನೆಗೆ ಬಂದು ಕೂತರು. ನಾನು ಅವರ ಹೆಂಡತಿಯನ್ನು ನೋಡಲು ಹೋಗಿದ್ದೆ, ಅಡುಗೆಮನೆಯಿಂದ ಎಲ್ಲ ಕೇಳಿಸುತ್ತಿತ್ತು.

"ಮೇವು ಕತ್ತರಿಸೋ ಯಂತ್ರಕ್ಕೆ ಸಿಕ್ಕೊಂಡ್ತು ಅನ್ನಪ್ಪ. ಒಂದ್ ಮಾತು. ಮನೆ ಉಳೀತದೆ."

"ಯಂತ್ರಕ್ಕೆ ಸಿಕ್ಕೊಂಡಿಲ್ಲ" ಎಂದರು ಮೇಷ್ಟ್ರು.

"ನಿನ್ನ ಸಾಕ್ದೋನ್ನ ನೀನೇ ಜೈಲಿಗೆ ಕಳುಸ್ತೀಯಾ?"

"ಒಂದ್ ಜೀವಕ್ಕೆ ಯಾರೂ ಓಗ್ಲಿಲ್ವಲ್ಲ. ನನ್ ಬೆರಳಿಗಾದ್ರೂ ಓಗ್ಲಿ."

ಅವರ ಹೆಂಡತಿ ಒಲೆಯ ಮುಂದೆ ಕೂತು ಮುದ್ದೆ ಕೋಲನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ನಮ್ ಬಾವನೋರು ಇವ್ರನ್ನ ಎಗಲ್ ಮ್ಯಾಲೆ ಒತ್ಕೊಂಡು ಸ್ಕೂಲಿಗೆ ಬುಟ್ಟೋರು ಅಮ್ಮಾವ್ರೆ" ಎಂದಳು. "ಅದ್ನ ಇವ್ರೇ ನಂಗೆ ಏಳಿದ್ದು. ಈಗ ನೋಡಿ." ಹಿರಿಯರು ಎದ್ದುಹೋಗುವಾಗ ಒಬ್ಬ ಬಾಗಿಲಲ್ಲಿ ಉಗಿದ.

ಕೋರ್ಟಿನಲ್ಲಿ ಯಾರು ಕಡಿದದ್ದೆಂದು ಕೇಳಿದಾಗ ಅವರು ಕಟಕಟೆಯಲ್ಲಿದ್ದವನ ಕಡೆ ನೋಡಿ, "ನಮ್ಮಣ್ಣ" ಎಂದರು. ಅಷ್ಟು ಹೇಳಿ ಹೊರಗೆ ಬಂದು, ಅಂಗಳದ ಹುಣಸೆಮರಕ್ಕೆ ಎಡಗೈ ಮುಷ್ಟಿಯಿಂದ ಗುದ್ದುತ್ತಾ ನಿಂತರು. ವಕೀಲರ ಗುಮಾಸ್ತನೂ ನಾನೂ ಸೇರಿ ಎಳೆದುಕೊಂಡು ಬರಬೇಕಾಯಿತು. ಅಣ್ಣನಿಗೆ ಜೈಲಾಯಿತು.

ಮೇಷ್ಟ್ರು ಎಡಗೈಯಲ್ಲಿ ಬರೆಯಲು ಕಲಿತರು. ಬೋರ್ಡಿನ ಮೇಲೆ ಅಂಕಿಗಳು ಒರಗಿ ನಿಲ್ಲುತ್ತಿದ್ದವು. ಬೆತ್ತ ಹಿಡಿಯುವುದನ್ನು ಬಿಟ್ಟರೋ ಎಂದರೆ ಅದೂ ಇಲ್ಲ. ಮಾತಿಗೆ ಮುಂಚೆ ಮುಖ ಕೆಂಪಾಗುವುದು ಕೊನೆಯ ತನಕ ಹೋಗಲಿಲ್ಲ. ಅವರನ್ನು ದೇವರಂಥವರು ಎಂದು ಹೇಳುವ ಹಳೆಯ ವಿದ್ಯಾರ್ಥಿಗಳಿದ್ದಾರೆ, ರಾಕ್ಷಸ ಎಂದು ಹೇಳುವವರೂ ಇದ್ದಾರೆ. ನಾನು ಎರಡನ್ನೂ ತಲೆಯಾಡಿಸಿ ಕೇಳಿದ್ದೇನೆ. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಪಾಠವೂ ಅಲ್ಲ, ಆ ಸಭೆಯೂ ಅಲ್ಲ; ಅವರ ಮನೆಯ ಒಂದು ಮಧ್ಯಾಹ್ನ.

ಎಮರ್ಜೆನ್ಸಿ ಮುಗಿದ ಮೇಲಿನ ಕಾಲ. ಸರದಿ ನಾಲ್ಕಾರು ಬೆಳೆ ಕಂಡಿತ್ತು. ಪ್ರತಿ ವರ್ಷ ನಾವು ಎಲ್ಲಾ ಗದ್ದೆಗಳ ಲೆಕ್ಕ ಹಾಕುತ್ತಿದ್ದೆವು. ಯಂತ್ರದ ಹಿಡಿಕೆ ಈಗ ನಾನು ತಿರುಗಿಸುತ್ತಿದ್ದೆ. ಒಂಬತ್ತು ಇದ್ದದ್ದು ಆರಾಗಿ, ಆಮೇಲೆ ಮೂರರ ಹತ್ತಿರ ಬಂದಿತ್ತು. ಅಣ್ಣ ಜೈಲಿನಲ್ಲಿದ್ದಷ್ಟೂ ಕಾಲ ಅವನ ಗದ್ದೆಯನ್ನು ಆಳು ಹಿಡಿದು ಮಾಡಿಸಿದವರು ಮೇಷ್ಟರೇ. ಅತ್ತಿಗೆ ಮಾತ್ರ ಮಾತಾಡುತ್ತಿರಲಿಲ್ಲ. ಇವರು ಬದುವಿನ ಮೇಲೆ ಬಂದರೆ ಎದ್ದುಹೋಗುತ್ತಿದ್ದಳಂತೆ.

ಅಂದು ಭಾನುವಾರ. ನಾವು ಊಟಕ್ಕೆ ಕೂರುವುದರಲ್ಲಿದ್ದೆವು. ಬಾಗಿಲು ತಟ್ಟದೆ ಒಬ್ಬ ಮುದುಕ ಒಳಗೆ ಬಂದ. ಕಿವಿಯ ಒಂಟಿ ನೋಡಿ ನನಗೆ ಗುರುತು ಹತ್ತಿತು. ಮೈ ಇಳಿದುಹೋಗಿತ್ತು, ದವಡೆ ಹಾಗೇ ಇತ್ತು. ಮೇಷ್ಟ್ರು ಎದ್ದು ನಿಂತರು. ಹೆಂಡತಿ ಬಾಗಿಲ ಬಳಿ ಇದ್ದ ಒನಕೆಯ ಕಡೆ ಕೈ ಚಾಚಿದ್ದನ್ನು ನಾನು ಕಂಡೆ.

ಅಣ್ಣ ಬಂದವನೇ ತಮ್ಮನ ಕೆನ್ನೆಗೆ ಹೊಡೆದ. ಹಳೆಯ ಜೋರು ಇರಲಿಲ್ಲ.

"ಕೋರ್ಟ್‌ನಾಗೆ ನನ್ ಎಸ್ರು ಯಾಕ್ಲಾ ಏಳ್ದೆ?"

"ನೀನೇ ಕಡ್ದೆ, ಅದುಕ್ಕೆ ಏಳ್ದೆ."

ಅಣ್ಣನ ಕಣ್ಣು ಕೆಳಕ್ಕಿಳಿದು ಆ ಬಲಗೈಯ ಮೇಲೆ ನಿಂತಿತು. ಮುಟ್ಟಲು ಹೋದವನ ಹಾಗೆ ಕೈ ಎತ್ತಿದ, ಹಾಗೇ ಇಳಿಸಿದ.

"ಉಣ್ಣು ಕೂತ್ಕೊ" ಎಂದರು ಮೇಷ್ಟ್ರು.

ಅಣ್ಣ ಕೂತ. ಹೆಂಡತಿ ಒನಕೆ ಬಿಟ್ಟು ತಟ್ಟೆ ತಂದಿಟ್ಟಳು. ಅಣ್ಣ ಕೂರು ಎನ್ನಲೆಂದು ಇವರು ಅವನ ಎದುರು ನಿಂತೇ ಇದ್ದರು. ಅವನು ಹೇಳಲಿಲ್ಲ. ಮುದ್ದೆ ಮುರಿದು, ಸಾರಿಗೆ ಅದ್ದಿ, ಅವಸರವಿಲ್ಲದೆ ಪೂರ್ತಿ ಉಂಡ. ನೀರು ಕುಡಿದ. ಎದ್ದು ಹೆಗಲ ಟವೆಲಿನಿಂದ ಬಾಯೊರೆಸಿಕೊಂಡು ಹೊಸಲು ದಾಟಿದವನು ಹಿಂದಕ್ಕೆ ತಿರುಗದೆ ಕೇಳಿದ:

"ನಂಗೆ ನೀರ್ ಸರದಿ ಯಾವತ್ತ್ಲಾ?"

ಮೇಷ್ಟ್ರು ಹೊಸಲಿನ ತನಕ ಬಂದರು.

"ಎಲ್ಲಾರ್ದೂ ಆದ್ಮ್ಯಾಲೆ ಅಣ್ಣ. ಸನಿವಾರ."

"ಸರಿ ಬುಡು, ಸನಿವಾರ ಬುಟ್ಕೋತೀನಿ" ಎಂದು ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.